‘ಪಮಿಲ್ಯಾ ಕೊ’: ಅರ್ಧಕ್ಕೆ ನಿಂತ ಸಂಸಾರದ ಕಥೆಗೆ ಕೊನೆ ಕೊಡುವ ಹೊಣೆ ಯಾರದು?

ಸಂಜೆಪಾಳಿ

ಫಿಲಿಪ್ಪೀನ್ಸ್‌ನ ಎಬಿಎಸ್-ಸಿಬಿಎನ್ ವಾಹಿನಿಯಲ್ಲಿ 2019ರ ಸೆಪ್ಟೆಂಬರ್ 9ರಂದು ಆರಂಭವಾದ ‘ಪಮಿಲ್ಯಾ ಕೊ’ (‘ನನ್ನ ಸಂಸಾರ’) ಧಾರಾವಾಹಿಯನ್ನು ಇಲ್ಲಿ ಬೇರೆ ಯಾರಾದರೂ ನೋಡಿದ್ದೀರಾ? ಉದ್ಯೋಗದ ನಿಮಿತ್ತ ಮನಿಲಾದ ಮಕಾತಿಯಲ್ಲಿ ನೆಲೆಸಿದ್ದ ಕಾಲದಲ್ಲಿ, ಭಾಷೆ ಕಲಿಯಬೇಕೆಂಬ ಒಂದೇ ಕಾರಣಕ್ಕೆ ನಾನು ಅದನ್ನು ನೋಡಲು ಕುಳಿತೆ. ಕೆಲವೇ ವಾರಗಳಲ್ಲಿ ಭಾಷೆಯ ನೆಪ ಹಿಂದೆ ಬಿದ್ದು ಆ ಮನೆಯ ಕಷ್ಟಸುಖವೇ ಮುಖ್ಯವಾಯಿತು.

ಮಬುಂಗಾ ಎಂಬ ದೊಡ್ಡ ಸಂಸಾರದ ಕಥೆ ಅದು. ತಾಯಿ ಲೂಜ್ ಪಾತ್ರದಲ್ಲಿ ಸಿಲ್ವಿಯಾ ಸಾಂಚೆಜ್, ತಂದೆ ಫೆರ್ನಾನ್ ಪಾತ್ರದಲ್ಲಿ ಜೋಯಿ ಮಾರ್ಕೆಜ್, ಹಿರಿಯ ಮಗ ಚೀಕೊ ಆಗಿ ಜೆಎಂ ಡೆ ಗುಜ್ಮಾನ್ ನಟಿಸಿದ್ದರು. ಮನೆತುಂಬ ಮಕ್ಕಳು, ಎಲ್ಲರಿಗೂ ಹಣ್ಣಿನ ಹೆಸರು. ಆ ಮಕ್ಕಳ ಓದು, ಊಟ, ಬಾಡಿಗೆ ಎಲ್ಲವೂ ಹಿರಿಯ ಮಗನ ಹೆಗಲ ಮೇಲೆ. ಅವನು ಮದುವೆಯಾಗಬೇಕೆಂದಿದ್ದ ಬೆಟ್ಟಿ (ಆರ್ಸಿ ಮುನ್ಯೋಜ್) ಮತ್ತು ಅವನ ತಮ್ಮ ಬೆರಿ (ಕೀಕೊ ಎಸ್ತ್ರಾಡಾ) ನಡುವೆ ಸಂಬಂಧ ಬೆಳೆದಾಗ ಇಡೀ ಮನೆ ಒಡೆಯುತ್ತದೆ. ಒಡೆದ ಆ ಮನೆ ಮತ್ತೆ ಒಂದಾಗುವುದೇ ಇಲ್ಲವೇ ಎಂಬುದೇ ಕಥೆಯ ಜೀವಾಳವಾಗಿತ್ತು.

2020ರ ಮಾರ್ಚ್ 13, ಶುಕ್ರವಾರದ ಕಂತೇ ಕೊನೆಯದಾಯಿತು. ಅದು ಕಥೆಯ ಮುಕ್ತಾಯವಲ್ಲ, ನಡುದಾರಿ. ಆ ಮೇಲೆ ಒಂದು ಕಂತೂ ಬರಲಿಲ್ಲ. ಕೊರೋನಾ ಕಾಲದ ಪರಿಸ್ಥಿತಿ ನನಗೆ ಅರ್ಥವಾಗುತ್ತದೆ. ಆದರೆ ಆರು ತಿಂಗಳು ಪ್ರತಿ ಸಂಜೆ ಜನರನ್ನು ಕೂರಿಸಿಕೊಂಡು ಕಥೆ ಹೇಳಿದವರು, ಉಳಿದ ಕಥೆಯನ್ನು ನಾಲ್ಕು ಪುಟಗಳ ಬರಹದಲ್ಲಾದರೂ ಪ್ರಕಟಿಸಬಹುದಿತ್ತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ನಿಮ್ಮ ಅಭಿಪ್ರಾಯವೇನು?

ಕಡಲತಡಿ

ಇದರಲ್ಲಿ ಚರ್ಚಿಸುವುದೇನಿದೆ? ಸರಕಾರವೇ ಆ ವಾಹಿನಿಯನ್ನು ಮುಚ್ಚಿಸಿತು, ವಾಹಿನಿಯ ಜೊತೆಗೆ ಧಾರಾವಾಹಿಯೂ ಹೋಯಿತು.

ಶಾಸನಪ್ರಿಯ

ಕಡಲತಡಿ ಅವರೇ, ದಿನಾಂಕಗಳನ್ನು ಒಮ್ಮೆ ಅಕ್ಕಪಕ್ಕ ಇಟ್ಟು ನೋಡಿ. ಧಾರಾವಾಹಿ ನಿಂತದ್ದು ಮಾರ್ಚ್ 13ರಂದು. ಮನಿಲಾ ಮಹಾನಗರಕ್ಕೆ ಸಮುದಾಯ ದಿಗ್ಬಂಧನ ಜಾರಿಯಾದದ್ದು ಮಾರ್ಚ್ 15ರಂದು, ಇಡೀ ಲುಜಾನ್ ದ್ವೀಪಕ್ಕೆ ಕಟ್ಟುನಿಟ್ಟಿನ ನಿರ್ಬಂಧ ಬಂದದ್ದು ಅದರ ಎರಡು ದಿನಗಳ ನಂತರ. ಚಿತ್ರೀಕರಣ ನಿಂತದ್ದು ಈ ಕಾರಣಕ್ಕೆ. ವಾಹಿನಿಯ ಪ್ರಸಾರ ನಿಲ್ಲಿಸಬೇಕೆಂದು ಅಲ್ಲಿನ ರಾಷ್ಟ್ರೀಯ ದೂರಸಂಪರ್ಕ ಆಯೋಗ ಆದೇಶ ಹೊರಡಿಸಿದ್ದು ಮೇ 5ರಂದು. ನಡುವೆ ಹೆಚ್ಚುಕಡಿಮೆ ಎರಡು ತಿಂಗಳ ಅಂತರವಿದೆ.

ಆ ದೇಶದ ವ್ಯವಸ್ಥೆ ನಮ್ಮದಕ್ಕಿಂತ ಭಿನ್ನ. ಅಲ್ಲಿ ಪ್ರಸಾರ ಸಂಸ್ಥೆಯೊಂದು ನಡೆಯಬೇಕಾದರೆ ಸಂಸತ್ತು ಅದಕ್ಕಾಗಿಯೇ ಒಂದು ಕಾಯ್ದೆ ಮಾಡಿ ಅನುಮತಿ ಕೊಡಬೇಕು. ಎಬಿಎಸ್-ಸಿಬಿಎನ್‌ಗೆ 1995ರ ಕಾಯ್ದೆಯೊಂದು 25 ವರ್ಷಗಳ ಅನುಮತಿ ಕೊಟ್ಟಿತ್ತು ಮತ್ತು ಅದರ ಅವಧಿ 2020ರ ಮೇ 4ರಂದು ಮುಗಿಯಿತು. ನವೀಕರಣದ ಮಸೂದೆಗಳು ಸಂಸತ್ತಿನಲ್ಲಿ ಕೊಳೆಯುತ್ತಾ ಕುಳಿತಿದ್ದವು. ಕೊನೆಗೆ ಜುಲೈ 10ರಂದು ಕೆಳಮನೆಯ ಸಮಿತಿಯು 70ಕ್ಕೆ 11 ಮತಗಳಿಂದ ನವೀಕರಣವನ್ನು ತಿರಸ್ಕರಿಸಿತು.

ಆದ್ದರಿಂದ ಧಾರಾವಾಹಿಯನ್ನು ನಿಲ್ಲಿಸಿದ್ದು ಸರಕಾರ ಎಂದು ಹೇಳುವುದು ವಾಸ್ತವಕ್ಕೆ ದೂರವಾದ ಮಾತು. ನಿಲ್ಲಿಸಿದ್ದು ಸಾಂಕ್ರಾಮಿಕ.

ಕಡಲತಡಿ

ಶಾಸನಪ್ರಿಯ ಅವರೇ, ನೀವು ಕೊಟ್ಟ ದಿನಾಂಕಗಳ ಬಗ್ಗೆ ತಕರಾರಿಲ್ಲ, ತೀರ್ಮಾನದ ಬಗ್ಗೆ ಇದೆ. ನಿಲ್ಲುವುದು ಬೇರೆ, ಮತ್ತೆ ಏಳದಿರುವುದು ಬೇರೆ. ಅದೇ ಸಾಂಕ್ರಾಮಿಕ ಎದುರಾಳಿ ವಾಹಿನಿಯಾದ ಜಿಎಂಎಯನ್ನೂ ಕಾಡಿತು. ಅವರ ಚಿತ್ರೀಕರಣಗಳೂ ಅದೇ ಮಾರ್ಚ್‌ನಲ್ಲಿ ನಿಂತವು. ಆದರೆ 2020ರ ಕೊನೆಯ ತಿಂಗಳುಗಳಲ್ಲಿ ಅವರು ತಮ್ಮ ನಿಂತ ಧಾರಾವಾಹಿಗಳನ್ನು ಒಂದೊಂದಾಗಿ ಮತ್ತೆ ಆರಂಭಿಸಿದರು. ‘ಪ್ರೀಮಾ ಡೊನ್ನಾಸ್’ ಎಂಬ ಅವರ ಸಂಸಾರದ ಕಥೆ ಅರ್ಧಕ್ಕೆ ನಿಂತು, ತಿಂಗಳುಗಟ್ಟಲೆ ಹಳೆಯ ಕಾರ್ಯಕ್ರಮಗಳಿಗೆ ಜಾಗ ಬಿಟ್ಟುಕೊಟ್ಟು, ನವೆಂಬರ್‌ನಲ್ಲಿ ಹೊಸ ಕಂತುಗಳೊಂದಿಗೆ ಮರಳಿತು.

ಜಿಎಂಎಗೆ ಅದು ಸಾಧ್ಯವಾದದ್ದು ಏಕೆ? ಅದರ ಅನುಮತಿಯನ್ನು 2017ರಲ್ಲಿಯೇ ಇನ್ನೂ 25 ವರ್ಷಗಳಿಗೆ ನವೀಕರಿಸಲಾಗಿತ್ತು. ಆ ಕಾಯ್ದೆಗೆ ಸಹಿ ಹಾಕಿದವರು, ಎಬಿಎಸ್-ಸಿಬಿಎನ್ ನಿಂತಾಗಲೂ ದೇಶದ ಅಧ್ಯಕ್ಷರಾಗಿದ್ದ ಡುಟೆರ್ಟೆ. 2016ರ ಚುನಾವಣೆಯಲ್ಲಿ ತಮ್ಮ ಜಾಹೀರಾತುಗಳನ್ನು ಪ್ರಸಾರ ಮಾಡಲಿಲ್ಲವೆಂದು ಅವರು ಎಬಿಎಸ್-ಸಿಬಿಎನ್ ಮೇಲೆ ಬಹಿರಂಗವಾಗಿಯೇ ಕಿಡಿಕಾರುತ್ತಿದ್ದರು. ಒಂದೇ ರೋಗ ಇಬ್ಬರಿಗೂ ಬಂದು, ಒಬ್ಬನಿಗೆ ಮಾತ್ರ ಔಷಧ ಸಿಗದಂತೆ ಮಾಡಿದರೆ, ಸತ್ತವನನ್ನು ಕೊಂದದ್ದು ರೋಗ ಎಂದಷ್ಟೇ ಬರೆದು ಕಡತ ಮುಚ್ಚಲು ಬರುವುದಿಲ್ಲ.

ಹೊಸಿಲು

ಕಡಲತಡಿ ಅವರ ಎರಡನೆಯ ಮಾತಿಗೆ ನನ್ನ ಸಂಪೂರ್ಣ ಸಹಮತವಿದೆ.

ಸಂಭಾಷಣೆಗಾರ

ಹಲವು ವರ್ಷಗಳಿಂದ ಕನ್ನಡ ಧಾರಾವಾಹಿಗಳಿಗೆ ಸಂಭಾಷಣೆ ಬರೆದು ಹೊಟ್ಟೆ ಹೊರೆಯುತ್ತಿರುವವನಾಗಿ, ಮೂಲ ಪ್ರಶ್ನೆಗೇ ಉತ್ತರಿಸುತ್ತೇನೆ. ಸಂಜೆಪಾಳಿ ಅವರು ‘ಉಳಿದ ಕಥೆಯನ್ನು ಪ್ರಕಟಿಸಬಹುದಿತ್ತು’ ಎನ್ನುವಾಗ, ಎಲ್ಲೋ ಒಂದು ಕಪಾಟಿನಲ್ಲಿ ಕೊನೆಯ ಕಂತಿನವರೆಗಿನ ಬರಹ ಸಿದ್ಧವಾಗಿ ಕುಳಿತಿದೆ ಎಂದು ಭಾವಿಸಿದಂತಿದೆ. ದಿನವಹಿ ಧಾರಾವಾಹಿಯಲ್ಲಿ ಹಾಗಿರುವುದಿಲ್ಲ. ನಮ್ಮಲ್ಲೂ ಇಲ್ಲ, ಅಲ್ಲಿಯೂ ಇಲ್ಲ. ಆರಂಭದಲ್ಲಿ ವಾಹಿನಿಯ ಒಪ್ಪಿಗೆಗೆಂದು ಒಂದು ಕಥಾಸಾರ ಬರೆಯಲಾಗುತ್ತದೆ. ಅದರಲ್ಲಿ ಒಂದು ಮುಕ್ತಾಯವೂ ಇರುತ್ತದೆ, ಆದರೆ ಅದನ್ನು ಯಾರೂ ಶಿಲಾಶಾಸನವೆಂದು ತಿಳಿಯುವುದಿಲ್ಲ.

ನಂತರ ನಡೆಯುವುದು ಹೀಗೆ. ಕಥಾ ವಿಭಾಗದವರು ಮುಂದಿನ ಕೆಲವು ವಾರಗಳ ಎಳೆಯನ್ನು ನಿರ್ಧರಿಸುತ್ತಾರೆ, ಚಿತ್ರಕಥೆಯವರು ಅದನ್ನು ದೃಶ್ಯಗಳಾಗಿ ಒಡೆಯುತ್ತಾರೆ, ನಮ್ಮಂಥವರು ಮಾತು ತುಂಬುತ್ತೇವೆ. ಪ್ರಸಾರಕ್ಕೂ ಚಿತ್ರೀಕರಣಕ್ಕೂ ನಡುವೆ ಇರುವ ಕಂತುಗಳ ದಾಸ್ತಾನನ್ನು ನಾವು ‘ಬ್ಯಾಂಕಿಂಗ್’ ಎನ್ನುತ್ತೇವೆ. ಚೆನ್ನಾಗಿ ನಡೆಯುವ ಘಟಕದಲ್ಲಿ ಅದು ಒಂದೆರಡು ವಾರಗಳಷ್ಟಿರುತ್ತದೆ, ಬಿಗಿಯಾದ ದಿನಗಳಲ್ಲಿ ಬೆಳಿಗ್ಗೆ ಬರೆದ ದೃಶ್ಯವನ್ನು ಮಧ್ಯಾಹ್ನ ಚಿತ್ರೀಕರಿಸಿದ್ದನ್ನೂ ಕಂಡಿದ್ದೇನೆ. ಟಿಆರ್‌ಪಿ ಏರಿದರೆ ಕಥೆ ಹಿಗ್ಗುತ್ತದೆ, ಇಳಿದರೆ ಕುಗ್ಗುತ್ತದೆ, ಸಣ್ಣ ಪಾತ್ರವೊಂದನ್ನು ಜನ ಮೆಚ್ಚಿದರೆ ಅದಕ್ಕೊಂದು ಮದುವೆಯೂ ಆಗುತ್ತದೆ. ಹೀಗಿರುವಾಗ ಚೀಕೊ ಕೊನೆಗೆ ತಮ್ಮನನ್ನು ಕ್ಷಮಿಸಿದನೇ ಎಂಬ ಪ್ರಶ್ನೆಗೆ ಆ ಮಾರ್ಚ್‌ನಲ್ಲಿ ಬರಹಗಾರರ ಬಳಿಯೇ ಖಚಿತ ಉತ್ತರ ಇದ್ದಿರಲಾರದು. ಇಲ್ಲದ್ದನ್ನು ಪ್ರಕಟಿಸುವುದು ಹೇಗೆ?

ಸಂಜೆಪಾಳಿ

ಸಂಭಾಷಣೆಗಾರರೇ, ಒಳಗಿನವರಾಗಿ ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದ. ಆದರೆ ನಿಮ್ಮ ಮಾತಿನಲ್ಲೇ ನನ್ನ ಉತ್ತರವಿದೆ. ಬೆಳಿಗ್ಗೆ ಬರೆದು ಮಧ್ಯಾಹ್ನ ಚಿತ್ರೀಕರಿಸಬಲ್ಲ ಜನರಿಗೆ, ಮನೆಯಲ್ಲೇ ಕುಳಿತ ಆ ತಿಂಗಳುಗಳಲ್ಲಿ ಒಂದು ಮುಕ್ತಾಯವನ್ನು ಯೋಚಿಸಿ ಬರೆಯುವುದು ಅಸಾಧ್ಯವಾಗಿತ್ತೇ? ನಾನು ಕೇಳುತ್ತಿರುವುದು ಚಿತ್ರೀಕರಣವನ್ನಲ್ಲ, ಸೆಟ್ಟನ್ನಲ್ಲ, ಕಥೆಯನ್ನು. ಸಿಲ್ವಿಯಾ ಸಾಂಚೆಜ್ ಅವರು ಕ್ಯಾಮೆರಾ ಮುಂದೆ ಕುಳಿತು, ಲೂಜ್ ತನ್ನ ಮಕ್ಕಳಿಗೆ ಬರೆದ ಕಾಗದವೊಂದನ್ನು ಓದಿದ್ದರೂ ನನ್ನಂಥವರಿಗೆ ಸಾಕಾಗುತ್ತಿತ್ತು.

ಶಾಸನಪ್ರಿಯ

ಸಂಜೆಪಾಳಿ ಅವರೇ, ಒಂದು ಸಂಗತಿಯನ್ನು ಗಮನಿಸಿ. ಆ ಮಾರ್ಚ್ ಕೊನೆಯಲ್ಲಿ ಸಿಲ್ವಿಯಾ ಸಾಂಚೆಜ್ ಮತ್ತು ಅವರ ಪತಿ ಇಬ್ಬರಿಗೂ ಕೊರೋನಾ ಸೋಂಕು ತಗಲಿತ್ತು. ಅದನ್ನು ಅವರೇ ಜನರಿಗೆ ತಿಳಿಸಿದ್ದರು. ಆಸ್ಪತ್ರೆಯಿಂದ ಗುಣಮುಖರಾಗಿ ಬಂದ ಕಲಾವಿದೆಯಿಂದ ಅಂದಿನ ಸ್ಥಿತಿಯಲ್ಲಿ ಇಂಥದ್ದನ್ನು ನಿರೀಕ್ಷಿಸುವುದು ಸರಿಯೇ?

ಸಂಜೆಪಾಳಿ

ಏಪ್ರಿಲ್‌ನಲ್ಲೇ ಮಾಡಬೇಕಿತ್ತು ಎಂದು ನಾನು ಹೇಳಿಲ್ಲ. ಸೆಪ್ಟೆಂಬರ್ ಇತ್ತು, ಡಿಸೆಂಬರ್ ಇತ್ತು, ಮುಂದಿನ ವರ್ಷವಿತ್ತು.

ದಾವಾವೊ ಹಳಬ

ಈ ಚರ್ಚೆ ನೋಡಿ ಬರೆಯದೆ ಇರಲಾಗಲಿಲ್ಲ. ವೈದ್ಯಕೀಯ ಓದಿಗೆಂದು ದಾವಾವೊ ನಗರಕ್ಕೆ ಹೋದ ಕರ್ನಾಟಕದ ಹುಡುಗರಲ್ಲಿ ನಾನೂ ಒಬ್ಬ. 2020ರ ಮಾರ್ಚ್ 17ರಂದು ಭಾರತ ಸರಕಾರವು ಫಿಲಿಪ್ಪೀನ್ಸ್, ಮಲೇಷ್ಯಾ, ಅಫ್ಘಾನಿಸ್ತಾನಗಳಿಂದ ಬರುವ ಪ್ರಯಾಣಿಕರಿಗೆ ತಡೆ ಹಾಕಿದಾಗ ನನ್ನ ಟಿಕೆಟ್ ಕೈಯಲ್ಲೇ ಉಳಿಯಿತು. ಊರಿಗೆ ಮರಳುವ ವಿಶೇಷ ವಿಮಾನ ಸಿಗುವವರೆಗೆ ನಾನಿದ್ದ ಬಾಡಿಗೆ ಮನೆಯ ಒಡತಿಯೇ ನನಗೆ ದಿಕ್ಕು. ನಾವೆಲ್ಲರೂ ಅವರನ್ನು ‘ತೀತಾ’, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆವು.

ತೀತಾ ಸಂಜೆ ಇಸ್ತ್ರಿ ಮಾಡುತ್ತಾ ‘ಪಮಿಲ್ಯಾ ಕೊ’ ನೋಡುತ್ತಿದ್ದರು. ಹಿರಿಯ ಮಗ ಬೈಸಿಕೊಳ್ಳುವ ದೃಶ್ಯ ಬಂದಾಗ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಟಿವಿಯಲ್ಲಿರುವ ತಾಯಿಗೇ ಎದುರುತ್ತರ ಕೊಡುತ್ತಿದ್ದರು. ಅವರ ಹಿರಿಯ ಮಗನೂ ಹಡಗಿನಲ್ಲಿ ದುಡಿದು ತಮ್ಮ ತಂಗಿಯರನ್ನು ಓದಿಸುತ್ತಿದ್ದ. ಮಾರ್ಚ್ ಮಧ್ಯದಲ್ಲಿ ಆ ಹೊತ್ತಿಗೆ ಹಳೆಯ ಧಾರಾವಾಹಿಯ ಮರುಪ್ರಸಾರ ಶುರುವಾದಾಗ, ‘ಎರಡು ವಾರ ಅಷ್ಟೇ, ಮತ್ತೆ ಬರುತ್ತದೆ’ ಎಂದು ನನಗೇ ಸಮಾಧಾನ ಹೇಳಿದರು.

ಮೇ 5ರ ಸಂಜೆ ನನಗೆ ಚೆನ್ನಾಗಿ ನೆನಪಿದೆ. ರಾತ್ರಿಯ ಸುದ್ದಿ ಮುಗಿದ ಮೇಲೆ, 7 ಗಂಟೆ 52 ನಿಮಿಷಕ್ಕೆ ವಾಹಿನಿ ಪ್ರಸಾರ ನಿಲ್ಲಿಸಿತು. ನಿಲ್ಲುತ್ತದೆಂದು ಸುದ್ದಿಯಲ್ಲೇ ಹೇಳಿದ್ದರು, ತೀತಾ ಅದನ್ನು ಕೇಳಿಯೂ ಇದ್ದರು. ಆದರೂ ಎದ್ದು ಹೋಗಿ, ಟಿವಿಯ ಪಕ್ಕದ ಕಪ್ಪು ಡಿಜಿಟಲ್ ಪೆಟ್ಟಿಗೆಯನ್ನು ಆರಿಸಿ ಮತ್ತೆ ಹಚ್ಚಿದರು. ನಂತರ ಅದರ ಪುಟ್ಟ ಆಂಟೆನಾವನ್ನು ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ, ಅಲ್ಲಿಂದ ಅನ್ನದ ಕುಕ್ಕರ್ ಇಟ್ಟಿದ್ದ ಕಟ್ಟೆಗೆ ಸಾಗಿಸಿದರು. ಉಳಿದ ವಾಹಿನಿಗಳು ಬರುತ್ತಿದ್ದವು, ಅದೊಂದು ಮಾತ್ರ ಬರಲಿಲ್ಲ.

ದಾವಾವೊ ಎಂದರೆ ಡುಟೆರ್ಟೆ ಅವರ ಊರು, ಅವರು ಬಹುಕಾಲ ಮೇಯರ್ ಆಗಿದ್ದ ಊರು. ತೀತಾ ಮನೆಯ ಬಾಗಿಲಲ್ಲೂ ಅವರ ಗುರುತಾದ, ಮುಷ್ಟಿ ಬಿಗಿದ ಕೈಯ ಸ್ಟಿಕ್ಕರ್ ಇತ್ತು. ಆದ್ದರಿಂದ ಅವರು ಯಾರನ್ನೂ ಬೈಯಲಿಲ್ಲ, ಆ ಸ್ಟಿಕ್ಕರನ್ನೂ ಕೀಳಲಿಲ್ಲ. ತಾವು ಮತ ಹಾಕಿದವರು ತಮ್ಮ ಸಂಜೆಯನ್ನೇ ಕಿತ್ತುಕೊಂಡರೆಂದು ಒಪ್ಪಿಕೊಳ್ಳುವುದು ಅವರಿಗೆ ಕಷ್ಟವಾಗಿತ್ತು ಎಂಬುದು ಮಾತ್ರ ನನಗೆ ಕಾಣುತ್ತಿತ್ತು.

ಹೊಸಿಲು

ಮುಂದೆ ಅವರು ಆ ಧಾರಾವಾಹಿಯ ಬಗ್ಗೆ ಏನಾದರೂ ತಿಳಿದುಕೊಂಡರೇ?

ದಾವಾವೊ ಹಳಬ

ಜೂನ್ 13ರಂದು ‘ಕಪಮಿಲ್ಯಾ ಚಾನೆಲ್’ ಎಂಬ ಹೆಸರಿನಲ್ಲಿ ಕೇಬಲ್ ಮೂಲಕ ಆ ಸಂಸ್ಥೆಯ ಕಾರ್ಯಕ್ರಮಗಳು ಮತ್ತೆ ಆರಂಭವಾದಾಗ ನಾನು ಭಾರತಕ್ಕೆ ಮರಳಿದ್ದೆ. ತೀತಾ ಮನೆಯಲ್ಲಿ ಕೇಬಲ್ ಇರಲಿಲ್ಲ. ‘ನಮ್ಮ ಕಥೆ ಬರುತ್ತಿದೆಯೇ ನೋಡಿ ಹೇಳು’ ಎಂದು ಮೆಸೆಂಜರ್‌ನಲ್ಲಿ ಕೇಳಿದ್ದರು. ಬರುತ್ತಿಲ್ಲ ಎಂದು ನಾನೇ ತಿಳಿಸಬೇಕಾಯಿತು. ಅದೇ ಆಗಸ್ಟ್ ಕೊನೆಯಲ್ಲಿ ದಾವಾವೊದ ಪ್ರಾದೇಶಿಕ ಸುದ್ದಿ ಕಾರ್ಯಕ್ರಮವೂ ನಿಂತಿತು. ಅದು ಅವರಿಗೆ ಧಾರಾವಾಹಿಗಿಂತ ದೊಡ್ಡ ನಷ್ಟವಾಯಿತು. ಚಂಡಮಾರುತದ ಎಚ್ಚರಿಕೆಯಿಂದ ಹಿಡಿದು ಮಾರುಕಟ್ಟೆಯ ಸುದ್ದಿಯವರೆಗೆ ತಮ್ಮ ಭಾಷೆಯಲ್ಲೇ ಕೇಳುತ್ತಿದ್ದ ಜನ ಅವರು.

ಒಂಟಿಮರ

ಎಲ್ಲರ ಭಾವನೆಗಳಿಗೂ ಗೌರವವಿಟ್ಟೇ ಕೇಳುತ್ತೇನೆ. ಜಗತ್ತಿನಾದ್ಯಂತ ಜನ ಸಾಯುತ್ತಿದ್ದ ಕಾಲದಲ್ಲಿ, ಒಂದು ಧಾರಾವಾಹಿಗೆ ಕೊನೆ ಸಿಗಲಿಲ್ಲವೆಂಬುದು ಇಷ್ಟು ಉದ್ದ ಚರ್ಚಿಸಬೇಕಾದ ವಿಷಯವೇ? ಆ ವಾಹಿನಿಯಲ್ಲಿ ಸುಮಾರು 11,000 ಉದ್ಯೋಗಿಗಳಿದ್ದರು, ಅವರಲ್ಲಿ ಬಹಳಷ್ಟು ಜನರನ್ನು 2020ರ ಆಗಸ್ಟ್ 31ಕ್ಕೆ ಮನೆಗೆ ಕಳುಹಿಸಲಾಯಿತು. ಅವರ ಹೊಟ್ಟೆಪಾಡಿನ ಮಾತು ಮೊದಲು ಬರಬೇಕಲ್ಲವೇ?

ಕುವೈತ್ ರಾತ್ರಿಪಾಳಿ

ಒಂಟಿಮರ ಅವರೇ, ಎರಡೂ ಒಂದೇ ಮಾತು, ಬೇರೆ ಬೇರೆಯಲ್ಲ. ನಾನು ಉಡುಪಿ ಕಡೆಯವಳು, ಕುವೈತಿನಲ್ಲಿ ದಾದಿಯಾಗಿ ದುಡಿಯುತ್ತಿದ್ದೇನೆ. ನಮ್ಮ ವಾರ್ಡಿನಲ್ಲಿ ಕೇರಳದವರಷ್ಟೇ ಸಂಖ್ಯೆಯಲ್ಲಿ ಫಿಲಿಪ್ಪೀನ್ಸ್‌ನವರಿದ್ದಾರೆ. 1994ರಿಂದ ನಡೆಯುತ್ತಿರುವ ಟಿಎಫ್‌ಸಿ ಎಂಬ ಅವರ ವಾಹಿನಿ ಎಬಿಎಸ್-ಸಿಬಿಎನ್‌ನದೇ. ತವರಿನಲ್ಲಿ ಬಂದ ಧಾರಾವಾಹಿಯನ್ನು ಹೊರದೇಶದಲ್ಲಿ ದುಡಿಯುವವರು ಅದರಲ್ಲಿ ನೋಡುತ್ತಾರೆ. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು, ನಾವು ‘ಆತೆ’ (ಅಕ್ಕ) ಎಂದು ಕರೆಯುವವರು, ಪಾಳಿ ಮುಗಿಸಿ ಬಂದು ಸಮವಸ್ತ್ರವನ್ನೂ ಬದಲಿಸದೆ ಫೋನನ್ನು ನೀರಿನ ಬಾಟಲಿಗೆ ಒರಗಿಸಿಟ್ಟು ‘ಪಮಿಲ್ಯಾ ಕೊ’ ನೋಡುತ್ತಿದ್ದರು. ಪಕ್ಕದ ಇನ್ನೊಂದು ಫೋನಿನಲ್ಲಿ ಇಲೋಯಿಲೋದಲ್ಲಿರುವ ಅವರ ಮಗಳು ಅದೇ ಕಂತನ್ನು ನೋಡುತ್ತಾ ಮಾತನಾಡುತ್ತಿದ್ದಳು. ಮಗಳ ಜೊತೆ ಅವರಿಗೆ ಸಿಗುತ್ತಿದ್ದ ಹೊತ್ತು ಅಷ್ಟೇ.

ಮನೆಯ ಹಿರಿಯ ಮಗನೋ ಮಗಳೋ ದೂರ ಹೋಗಿ ದುಡಿದು, ಸಂಪಾದಿಸಿದ್ದನ್ನೆಲ್ಲ ಊರಿಗೆ ಕಳುಹಿಸಿ, ಕೊನೆಗೆ ಆ ಮನೆಯಲ್ಲೇ ಹೊರಗಿನವರಂತೆ ಆಗಿಬಿಡುವುದು ಅವರಲ್ಲಿ ಬಹುತೇಕರ ಬದುಕು. ಚೀಕೊನ ಕಥೆ ಅವರಿಗೆ ಹೊತ್ತು ಕಳೆಯುವ ಸರಕಾಗಿರಲಿಲ್ಲ. ದುಡಿದು ಸಾಕಿದವನಿಗೆ ಕೊನೆಗಾದರೂ ಮನೆಯವರು ನ್ಯಾಯ ಕೊಡುತ್ತಾರೋ ಇಲ್ಲವೋ ಎಂಬುದನ್ನು ಅವರು ನಿಜವಾಗಿಯೂ ತಿಳಿಯಬೇಕಿತ್ತು. ಆ ವರ್ಷ ಆತೆ ಪಿಪಿಇ ತೊಟ್ಟು ಹನ್ನೆರಡು ತಾಸು ದುಡಿದು ಬಂದಾಗ ನೋಡಲು ಕಥೆಯೂ ಇರಲಿಲ್ಲ, ಹಿಂದಿರುಗಲು ವಿಮಾನವೂ ಇರಲಿಲ್ಲ. ಜನ ಸಾಯುತ್ತಿದ್ದ ಕಾಲ ಎಂಬುದನ್ನು ನಮಗಿಂತ ಹತ್ತಿರದಿಂದ ಕಂಡವರು ಕಡಿಮೆ. ಆದ್ದರಿಂದಲೇ ಹೇಳುತ್ತೇನೆ, ಆ ಅರ್ಧ ಗಂಟೆ ದೊಡ್ಡದಾಗಿತ್ತು.

ಒಂಟಿಮರ

ನಿಮ್ಮ ಅನುಭವದ ಮುಂದೆ ವಾದ ಹೂಡುವುದಿಲ್ಲ. ಕೆಲಸ ಕಳೆದುಕೊಂಡವರ ಬಗ್ಗೆ ಮೊದಲು ಮಾತನಾಡಬೇಕೆಂಬ ನನ್ನ ನಿಲುವು ಹಾಗೆಯೇ ಇದೆ.

ಮೈಸೂರು ಓದುಗಿ

ಕನ್ನಡದವರು ಇದನ್ನು ಅನುಭವಿಸಲಿಲ್ಲವೇ? ಕಲರ್ಸ್ ಸೂಪರ್‌ನಲ್ಲಿ 2018ರಲ್ಲಿ ಆರಂಭವಾದ ಟಿ.ಎನ್. ಸೀತಾರಾಮ್ ಅವರ ‘ಮಗಳು ಜಾನಕಿ’ ಇದೇ 2020ರ ಲಾಕ್‌ಡೌನ್‌ನಲ್ಲಿ ನಿಂತುಹೋಯಿತು. ನಮ್ಮ ಮನೆಯಲ್ಲಿ ಅತ್ತೆಯವರು ಆ ಕಥೆಯನ್ನು ಎಷ್ಟು ಹಚ್ಚಿಕೊಂಡಿದ್ದರೆಂದರೆ, ಜಾನಕಿಗೆ ಮುಂದೇನಾಯಿತೆಂದು ತಿಂಗಳುಗಳ ಕಾಲ ನನ್ನನ್ನೇ ಕೇಳುತ್ತಿದ್ದರು. ಆ ಸಂಕಟ ಗೊತ್ತಿರುವುದರಿಂದ ಸಂಜೆಪಾಳಿ ಅವರ ಬೇಡಿಕೆ ನನಗೆ ಅತಿಯೆನಿಸುವುದಿಲ್ಲ. ನಡುನೀರಿನಲ್ಲಿ ಕೈಬಿಡುವುದಾದರೆ, ಬಿಡುತ್ತಿದ್ದೇವೆ ಎಂದಾದರೂ ಹೇಳಿ ಬಿಡಬೇಕು.

ಸಂಭಾಷಣೆಗಾರ

ಓದುಗಿ ಮೇಡಂ, ನೀವು ಹೇಳಿದ ಉದಾಹರಣೆ ಸರಿ. ಆದರೆ ಎರಡರ ನಡುವೆ ಒಂದು ಅಂತರವಿದೆ. ನಮ್ಮಲ್ಲಿ ಒಳಾಂಗಣ ಚಿತ್ರೀಕರಣಕ್ಕೆ ಮೇ ತಿಂಗಳಲ್ಲೇ ಅನುಮತಿ ದೊರೆತು, ಬಹುಪಾಲು ಧಾರಾವಾಹಿಗಳು ಮತ್ತೆ ನಡೆದವು. ನಿಂತದ್ದು ಕೆಲವು. ಅಲ್ಲಿ ಹಾಗಲ್ಲ, ಪ್ರಸಾರ ಮಾಡುವ ಬಾನುಲಿಯ ಅಲೆಯನ್ನೇ ಕಳೆದುಕೊಂಡ ಸಂಸ್ಥೆ ಅದು. ಜಾಹೀರಾತಿನ ಆದಾಯ ಕುಸಿದಾಗ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕೆಂಬ ಲೆಕ್ಕ ಕ್ರೂರವಾಗಿಯೇ ಇರುತ್ತದೆ.

ಶಾಸನಪ್ರಿಯ

ಆ ಲೆಕ್ಕವನ್ನೇ ಸ್ವಲ್ಪ ಬಿಡಿಸಿ ನೋಡೋಣ. ಜೂನ್ ಮಧ್ಯದಲ್ಲಿ ಹೊಸ ಕೇಬಲ್ ವಾಹಿನಿಯಲ್ಲಿ ಮರಳಿ ಬಂದವು ಯಾವುವು? 2015ರಿಂದ ನಡೆಯುತ್ತಿದ್ದ ‘ಆಂಗ್ ಪ್ರೊಬಿನ್ಸಿಯಾನೊ’ ಬಂತು. ‘ಎ ಸೋಲ್ಜರ್ಸ್ ಹಾರ್ಟ್’, ‘ಲವ್ ದೈ ವುಮನ್’ ಬಂದವು ಮತ್ತು ಎರಡೂ ಅದೇ ಸೆಪ್ಟೆಂಬರ್‌ನಲ್ಲಿ ಕಥೆ ಮುಗಿಸಿಕೊಂಡವು. ‘ಪಮಿಲ್ಯಾ ಕೊ’ ಬರಲಿಲ್ಲ. ಲೀಸಾ ಸೊಬೆರಾನೊ ಮತ್ತು ಎನ್ರಿಕೆ ಗಿಲ್ ನಟಿಸಿದ್ದ, ಕ್ರೊಯೇಷಿಯಾಕ್ಕೆ ಹೋಗಿ ಚಿತ್ರೀಕರಿಸಿದ್ದ ‘ಮೇಕ್ ಇಟ್ ವಿತ್ ಯೂ’ ಕೂಡ ಬರಲಿಲ್ಲ. ಅದು ಶುರುವಾದದ್ದೇ ಆ ಜನವರಿಯಲ್ಲಿ, ನಿಂತದ್ದು ಅದೇ ಮಾರ್ಚ್ 13ರಂದು.

‘ಪಮಿಲ್ಯಾ ಕೊ’ ಏಕೆ ಬಿಟ್ಟುಹೋಯಿತೆಂಬುದಕ್ಕೆ ನನ್ನದೊಂದು ಊಹೆಯಿದೆ, ಊಹೆಯೆಂದೇ ಓದಿಕೊಳ್ಳಿ. ಅಂದಿನ ದಿಗ್ಬಂಧನ ನಿಯಮಗಳ ಪ್ರಕಾರ 21 ವರ್ಷಕ್ಕಿಂತ ಕಿರಿಯರು ಮತ್ತು 60 ದಾಟಿದವರು ಮನೆಯಿಂದ ಹೊರಬರುವಂತಿರಲಿಲ್ಲ. ‘ಎ ಸೋಲ್ಜರ್ಸ್ ಹಾರ್ಟ್’ನಂಥ ಸೈನಿಕರ ಕಥೆಯಲ್ಲಿ ಮಕ್ಕಳ ಪಾತ್ರವನ್ನು ಕಡಿಮೆ ಮಾಡಬಹುದು. ಆದರೆ ಒಂದು ಊಟದ ಮೇಜಿನ ಸುತ್ತ ತಂದೆ ತಾಯಿ, ಬೆಳೆದ ಮಕ್ಕಳು, ಶಾಲೆಗೆ ಹೋಗುವ ಮಕ್ಕಳು ಎಲ್ಲರೂ ಕೂರುವುದೇ ‘ಪಮಿಲ್ಯಾ ಕೊ’ದ ಪ್ರತಿ ಕಂತಿನ ಬಂಡವಾಳವಾಗಿತ್ತು. ಅಂತರ ಕಾಯ್ದುಕೊಂಡು, ಮಕ್ಕಳನ್ನು ಬಿಟ್ಟು ಆ ಕಥೆ ನಡೆಸಿದರೆ ಅದು ಆ ಕಥೆಯೇ ಆಗಿರುತ್ತಿರಲಿಲ್ಲ.

ಸಂಜೆಪಾಳಿ

ಮಕ್ಕಳ ವಿಷಯ ನನಗೆ ಹೊಳೆದಿರಲಿಲ್ಲ, ಬಹಳ ಸಮಂಜಸವಾಗಿದೆ. ಪೆರ್ಸಿ ಮತ್ತು ಚೆರ್ರಿ ಪಾತ್ರಗಳನ್ನು ಮಾಡಿದವರಂತೂ ನಿಜವಾಗಿಯೂ ಚಿಕ್ಕ ಮಕ್ಕಳು.

ಕಡಲತಡಿ

ಶಾಸನಪ್ರಿಯ ಅವರೇ, ನಿಮ್ಮ ಊಹೆ ಜಿಎಂಎಯ ‘ಪ್ರೀಮಾ ಡೊನ್ನಾಸ್’ ಮುಂದೆ ನಿಲ್ಲುವುದಿಲ್ಲ. ಅದರ ಮುಖ್ಯ ಪಾತ್ರಗಳೇ ಹದಿಹರೆಯದ ಹುಡುಗಿಯರು. ಕಲಾವಿದರೂ ಸಿಬ್ಬಂದಿಯೂ ಒಂದೇ ಕಡೆ ವಾರಗಟ್ಟಲೆ ತಂಗಿ ಹೊರಗಿನವರ ಸಂಪರ್ಕವಿಲ್ಲದೆ ಚಿತ್ರೀಕರಿಸುವ ‘ಲಾಕ್-ಇನ್’ ಪದ್ಧತಿ ಅಷ್ಟರಲ್ಲಿ ಅಲ್ಲಿ ರೂಢಿಗೆ ಬಂದಿತ್ತು. ಮನಸ್ಸು ಮತ್ತು ಹಣ ಎರಡೂ ಇದ್ದಿದ್ದರೆ ದಾರಿ ಇತ್ತು. ಮನಸ್ಸು ಅವರಿಗಿತ್ತೆಂದೇ ನಂಬುತ್ತೇನೆ. ಹಣದ ಮೂಲವನ್ನು ಜುಲೈ 10ರ ಆ 70 ಮತಗಳು ಕತ್ತರಿಸಿದವು.

ಶಾಸನಪ್ರಿಯ

ಅಕ್ಟೋಬರ್‌ನಲ್ಲಿ ಎ2ಝೆಡ್ ಎಂಬ ಬೇರೊಂದು ವಾಹಿನಿಯ ಮೂಲಕ ಅವರ ಕಾರ್ಯಕ್ರಮಗಳು ಆಂಟೆನಾ ಇರುವ ಮನೆಗಳಿಗೂ ಮರಳಿ ತಲುಪತೊಡಗಿದವು. ಹೊಸ ಧಾರಾವಾಹಿಗಳಿಗೆ ಹಣ ಹೂಡಿದರು. ಅಂದರೆ ಹಣ ಪೂರ್ತಿ ಬತ್ತಿರಲಿಲ್ಲ, ಹಳೆಯ ಕಥೆಗಿಂತ ಹೊಸ ಕಥೆಯನ್ನು ಅವರು ಆರಿಸಿಕೊಂಡರು. ಅದನ್ನು ತಪ್ಪೆನ್ನಲಾರೆ, ಆದರೆ ಎಲ್ಲ ಭಾರವನ್ನೂ ಸಂಸತ್ತಿನ ಮೇಲೆ ಹಾಕುವುದೂ ಸಾಧ್ಯವಿಲ್ಲ.

ಕುವೈತ್ ರಾತ್ರಿಪಾಳಿ

ಶಾಸನಪ್ರಿಯ ಅವರ ಈ ಮಾತೇ ನನಗೆ ಹೆಚ್ಚು ನೋವು ಕೊಡುತ್ತದೆ. ‘ದಿ ಗ್ರೇಟೆಸ್ಟ್ ಲವ್’ ಧಾರಾವಾಹಿಯಲ್ಲಿ ಮರೆವಿನ ರೋಗಕ್ಕೆ ತುತ್ತಾದ ತಾಯಿಯಾಗಿ ಸಿಲ್ವಿಯಾ ಸಾಂಚೆಜ್ ಅಭಿನಯಿಸಿದ್ದನ್ನು ಆತೆ ಇಂದಿಗೂ ನೆನೆಸಿಕೊಳ್ಳುತ್ತಾರೆ. ಅದಕ್ಕೆ ಆರಂಭವಿತ್ತು, ಕೊನೆಯಿತ್ತು, ಅತ್ತು ಹಗುರಾಗಲು ಅವಕಾಶವಿತ್ತು. ಇದಕ್ಕೆ ಅದು ಸಿಗಲಿಲ್ಲ. ಲೂಜ್ ತಪ್ಪು ಮಾಡುವ ತಾಯಿ, ಹಿರಿಯ ಮಗನನ್ನು ಹಣದ ಮೂಲವಾಗಿ ಕಂಡ ತಾಯಿ. ಅವಳು ಬದಲಾಗುವುದನ್ನು ಕಾಣುವ ಮೊದಲೇ ಕಥೆ ನಿಂತದ್ದರಿಂದ, ಅವಳ ತಪ್ಪುಗಳಷ್ಟೇ ನೋಡುಗರಲ್ಲಿ ಉಳಿದವು. ಅದು ಆ ಪಾತ್ರಕ್ಕೂ, ಅದನ್ನು ಅಷ್ಟು ಶ್ರದ್ಧೆಯಿಂದ ಮಾಡಿದ ಕಲಾವಿದೆಗೂ ಆದ ಅನ್ಯಾಯ.

ಹೊಸಿಲು

ಈ ದೃಷ್ಟಿಯಿಂದ ಯಾರೂ ನೋಡಿರಲಿಲ್ಲ. ಕೊನೆ ಇಲ್ಲದಿದ್ದರೆ ಕೆಟ್ಟವರು ಕೆಟ್ಟವರಾಗಿಯೇ ಉಳಿಯುತ್ತಾರೆ.

ಸಂಭಾಷಣೆಗಾರ

ರಾತ್ರಿಪಾಳಿ ಅವರ ಮಾತು ನನ್ನ ನಿಲುವನ್ನು ಸ್ವಲ್ಪ ಮುಂದಕ್ಕೆ ಒಯ್ದಿದೆ. ಸಂಸಾರದ ಕಥೆ ಕಟ್ಟುವಾಗ ನಾವು ಮೊದಲರ್ಧದಲ್ಲಿ ತಪ್ಪುಗಳನ್ನು ಬಿತ್ತುತ್ತೇವೆ, ಉತ್ತರಾರ್ಧದಲ್ಲಿ ಅವುಗಳ ಲೆಕ್ಕ ಚುಕ್ತಾ ಮಾಡುತ್ತೇವೆ. ಮೊದಲರ್ಧವನ್ನಷ್ಟೇ ತೋರಿಸಿ ನಿಲ್ಲಿಸುವುದೆಂದರೆ, ಬರಹಗಾರನು ಹೇಳಹೊರಟದ್ದರ ತದ್ವಿರುದ್ಧವನ್ನು ಹೇಳಿದಂತಾಗುತ್ತದೆ. ಇದು ನೋಡುಗರ ನಷ್ಟ ಮಾತ್ರವಲ್ಲ, ಬರೆದವರ ನಷ್ಟವೂ ಹೌದು.

ಇದಕ್ಕೆ ದಾರಿ ಒಪ್ಪಂದದಲ್ಲಿದೆ. ಧಾರಾವಾಹಿ ಆರಂಭವಾಗುವಾಗ ವಾಹಿನಿ ಮತ್ತು ನಿರ್ಮಾಪಕರು ಮಾಡಿಕೊಳ್ಳುವ ಕರಾರಿನಲ್ಲಿ, ಯಾವುದೇ ಕಾರಣಕ್ಕೆ ಪ್ರಸಾರ ನಿಂತರೆ ಕಥೆಯ ಮುಕ್ತಾಯವನ್ನು ಇಂತಿಷ್ಟು ಕಾಲದಲ್ಲಿ ಬರಹವಾಗಿಯೋ ಧ್ವನಿಯಾಗಿಯೋ ಪ್ರಕಟಿಸಬೇಕು ಮತ್ತು ಅದನ್ನು ಬರೆದವರಿಗೆ ಸಂಭಾವನೆ ಕೊಡಬೇಕು ಎಂಬ ಒಂದು ಷರತ್ತು ಸೇರಿಸಿದರೆ ಸಾಕು. ಒಂಟಿಮರ ಅವರು ಎತ್ತಿದ ಕೆಲಸಗಾರರ ಪ್ರಶ್ನೆಯೂ ಇಲ್ಲಿಯೇ ಸೇರುತ್ತದೆ. ಚಿತ್ರೀಕರಣದ ದಿನಕ್ಕಿಷ್ಟು ಎಂದು ಕೂಲಿ ಪಡೆಯುವ ಲೈಟ್‌ಮನ್, ಪ್ರಸಾಧನದವರು, ಸಹಾಯಕ ನಿರ್ದೇಶಕರು ಎಲ್ಲರಿಗೂ ಧಾರಾವಾಹಿ ನಿಂತ ದಿನವೇ ಆದಾಯ ನಿಲ್ಲುತ್ತದೆ. ಚಿತ್ರೀಕರಣದ ವೇಳೆ ಬಿದ್ದು ಪೆಟ್ಟಾಗಿ 2019ರ ಜೂನ್‌ನಲ್ಲಿ ತೀರಿಕೊಂಡ ಹಿರಿಯ ನಟ ಎಡ್ಡಿ ಗಾರ್ಸಿಯಾ ಅವರ ಹೆಸರಿನಲ್ಲಿ ಫಿಲಿಪ್ಪೀನ್ಸ್ 2024ರಲ್ಲಿ ಒಂದು ಕಾಯ್ದೆಯನ್ನೇ ತಂದು ಕೆಲಸದ ಅವಧಿಗೆ ಮಿತಿ ಹಾಕಿದೆ. ಕೆಲಸದ ತಾಸುಗಳನ್ನು ಕಾನೂನಿನಿಂದ ಕಟ್ಟಬಹುದಾದರೆ, ಕೆಲಸ ನಿಂತಾಗಿನ ಪರಿಹಾರವನ್ನೂ ಕಟ್ಟಬಹುದು.

ಒಂಟಿಮರ

ಈ ರೂಪದಲ್ಲಾದರೆ ನನ್ನ ಒಪ್ಪಿಗೆಯಿದೆ. ಆದರೆ ಷರತ್ತಿನಲ್ಲಿ ಕೂಲಿಯ ಸಾಲು ಮೊದಲು, ಕಥೆಯ ಸಾಲು ನಂತರ.

ಮೈಸೂರು ಓದುಗಿ

ಯಾವ ಸಾಲು ಮೊದಲಾದರೂ ಸರಿ, ಇಂಥ ಷರತ್ತಿಗೆ ನಮ್ಮ ವಾಹಿನಿಗಳು ಸಹಿ ಹಾಕುತ್ತವೆಯೇ ಎಂಬುದನ್ನು ಸಂಭಾಷಣೆಗಾರರೇ ಹೇಳಬೇಕು.

ಸಂಭಾಷಣೆಗಾರ

ಒಬ್ಬ ಬರಹಗಾರ ಕೇಳಿದರೆ ಹಾಕುವುದಿಲ್ಲ. ಬರಹಗಾರರು, ತಂತ್ರಜ್ಞರು, ಕಲಾವಿದರು ಸೇರಿ ಕೇಳಬೇಕಾಗುತ್ತದೆ. ನಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಬರಹದಲ್ಲಿ ಮಂಡಿಸುತ್ತೇನೆ. ಇಲ್ಲಿ ಬಂದ ಅಭಿಪ್ರಾಯಗಳನ್ನು ಹೆಸರಿಲ್ಲದೆ ಬಳಸಿಕೊಳ್ಳಲು ಯಾರದಾದರೂ ಆಕ್ಷೇಪವಿದ್ದರೆ ತಿಳಿಸಿ.

ದಾವಾವೊ ಹಳಬ

ನನ್ನದೇನೂ ಆಕ್ಷೇಪವಿಲ್ಲ. ಆಂಟೆನಾ ಇರುವ, ಕೇಬಲ್ ಇಲ್ಲದ ಮನೆಗಳವರಿಗೂ ಮುಕ್ತಾಯ ತಲುಪಬೇಕೆಂಬ ಮಾತನ್ನು ದಯವಿಟ್ಟು ಸೇರಿಸಿ. ಮೊಬೈಲ್ ಆ್ಯಪಿನಲ್ಲಿ ಹಾಕಿ ಕೈತೊಳೆದುಕೊಂಡರೆ ತೀತಾರಂಥವರಿಗೆ ಅದು ಸಿಕ್ಕಂತಾಗುವುದಿಲ್ಲ.